ಚಲಿಸುವ ಚಿತ್ರದ ಸ್ಪಷ್ಟತೆ: ಗೇಮಿಂಗ್ ಮಾನಿಟರ್ ಆಯ್ಕೆಯ ಒಂದು ಸಮೀಕ್ಷೆ

ಕಂಪ್ಯೂಟರ್ ಆಟಗಳಿಗಾಗಿ ಮಾನಿಟರ್ ಕೊಳ್ಳಲು ಹೊರಟವರ ಎದುರಿಗೆ ಹರ್ಟ್ಸ್, ಮಿಲಿಸೆಕೆಂಡ್, ನಿಟ್, ಪಿಕ್ಸೆಲ್ ಎಂಬ ಅಂಕಿಗಳು ಸಾಲುಗಟ್ಟಿ ನಿಲ್ಲುತ್ತವೆ. ಇವುಗಳಲ್ಲಿ ಪ್ರತಿಯೊಂದೂ ಪರದೆಯ ಒಂದು ನೈಜ ಗುಣವನ್ನೇ ಅಳೆಯುತ್ತದೆಯಾದರೂ, ಪೆಟ್ಟಿಗೆಯ ಮೇಲೆ ಅಚ್ಚಾಗುವಾಗ ಆ ಗುಣದ ಅತ್ಯುತ್ತಮ ಸ್ಥಿತಿಯೊಂದೇ ಅಲ್ಲಿ ಉಳಿದಿರುತ್ತದೆ. ಕಚೇರಿಯ ಕೆಲಸಕ್ಕೆ ಬೇಕಾದದ್ದು ನಿಂತ ಚಿತ್ರವನ್ನು ಚೆನ್ನಾಗಿ ತೋರಿಸುವ ಪರದೆ. ಸಿನಿಮಾ ನೋಡಲು ಬೇಕಾದದ್ದು ಮೊದಲೇ ಚಿತ್ರೀಕರಣಗೊಂಡ, ಸೆಕೆಂಡಿಗೆ 24 ಫ್ರೇಮ್‌ಗಳ ನಿಯತ ಗತಿಯಲ್ಲಿ ಸಾಗುವ ಬಿಂಬಗಳನ್ನು ತೋರಿಸುವ ಪರದೆ. ಆಟದ ಪರದೆಯ ಕೆಲಸ ಇವೆರಡಕ್ಕಿಂತ ಕಷ್ಟದ್ದು, ಏಕೆಂದರೆ ಅಲ್ಲಿ ಚಿತ್ರವೇ ಸಿದ್ಧವಾಗಿರುವುದಿಲ್ಲ. ಆಡುವವರ ಕೈ ಮೌಸನ್ನು ಸರಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡ್ ಅದನ್ನು ಲೆಕ್ಕಹಾಕಿ ರಚಿಸುತ್ತದೆ, ಒಂದು ಫ್ರೇಮಿಗೆ ಹಿಡಿದ ಸಮಯ ಮುಂದಿನದಕ್ಕೆ ಹಿಡಿಯುವುದಿಲ್ಲ, ಮತ್ತು ಬಿಂಬವನ್ನು ನೋಡಿಯೇ ಕೈ ಮುಂದಿನ ಚಲನೆಯನ್ನು ನಿರ್ಧರಿಸುತ್ತದೆ. ಆದ್ದರಿಂದ ಗೇಮಿಂಗ್ ಮಾನಿಟರ್‌ನ ಆಯ್ಕೆಯಲ್ಲಿ ಮೊದಲು ಕೇಳಬೇಕಾದದ್ದು ಚಿತ್ರ ಎಷ್ಟು ಸುಂದರವಾಗಿದೆ ಎಂಬುದನ್ನಲ್ಲ; ಕೊಳ್ಳುವವರ ಬಳಿ ಇರುವ ಯಂತ್ರ ವಾಸ್ತವವಾಗಿ ಕೊಡುವ ಗತಿಯಲ್ಲಿ ಚಲಿಸುವ ಚಿತ್ರವನ್ನು ಆ ಪರದೆ ಎಷ್ಟು ಸ್ಪಷ್ಟವಾಗಿ, ಎಷ್ಟು ಬೇಗ ಕಣ್ಣಿಗೆ ಮುಟ್ಟಿಸುತ್ತದೆ ಎಂಬುದನ್ನು.

ಈ ಪ್ರಶ್ನೆ ಹಳೆಯ ಕ್ಯಾಥೋಡ್ ಕಿರಣದ ಮಾನಿಟರುಗಳ ಕಾಲದಲ್ಲಿ ಇಷ್ಟು ತೀವ್ರವಾಗಿರಲಿಲ್ಲ. ಅಲ್ಲಿ ಎಲೆಕ್ಟ್ರಾನ್ ಕಿರಣವು ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಪದರವನ್ನು ಮುಟ್ಟಿದ ಕ್ಷಣ ಆ ಬಿಂದು ಬೆಳಗಿ ಒಂದೆರಡು ಮಿಲಿಸೆಕೆಂಡಿನೊಳಗೆ ಆರಿಹೋಗುತ್ತಿತ್ತು. ಮುಂದಿನ ಬಿಂಬ ಬರುವವರೆಗೆ ಅಲ್ಲಿ ಕತ್ತಲೆಯೇ ಇರುತ್ತಿತ್ತು. ದ್ರವಸ್ಫಟಿಕದ ಪರದೆ, ಅಂದರೆ ಎಲ್‌ಸಿಡಿ, ಇದಕ್ಕೆ ವಿರುದ್ಧವಾಗಿ ಒಂದು ಫ್ರೇಮನ್ನು ಮುಂದಿನ ಫ್ರೇಮ್ ಬರುವ ತನಕ ಹಾಗೆಯೇ ಹಿಡಿದು ನಿಲ್ಲಿಸಿಕೊಂಡಿರುತ್ತದೆ. ಚಲಿಸುವ ವಸ್ತುವನ್ನು ಮನುಷ್ಯನ ಕಣ್ಣು ಎಡೆಬಿಡದೆ ಹಿಂಬಾಲಿಸುತ್ತದೆ. ಪರದೆಯ ಮೇಲಿನ ಬಿಂಬವಾದರೋ ನಿಂತು, ನೆಗೆದು, ಮತ್ತೆ ನಿಲ್ಲುತ್ತದೆ. ಕಣ್ಣು ಸರಿಯುತ್ತಿರುವಾಗ ಬಿಂಬ ನಿಂತಿದ್ದರೆ ಅದು ಅಕ್ಷಿಪಟಲದ ಮೇಲೆ ಒರೆಸಿದಂತೆ ಹರಡಿಕೊಳ್ಳುವುದು ಅನಿವಾರ್ಯ, ಮತ್ತು ಆ ಮಸುಕನ್ನು ದ್ರವಸ್ಫಟಿಕದ ವೇಗ ಎಷ್ಟೇ ಹೆಚ್ಚಿದರೂ ಹೋಗಲಾಡಿಸಲಾಗದು. ತೆಳುವಾದ, ಹಗುರವಾದ ಪರದೆಗಳು ಮೇಜಿನ ಮೇಲೆ ಬಂದಾಗ ಆಟಗಾರರು ಕಳೆದುಕೊಂಡದ್ದು ಈ ಸ್ಪಷ್ಟತೆಯನ್ನು. ಅಂದಿನಿಂದ ಇಂದಿನವರೆಗೆ ಗೇಮಿಂಗ್ ಮಾನಿಟರುಗಳಲ್ಲಿ ನಡೆದಿರುವ ಸುಧಾರಣೆಯ ಬಹುಪಾಲು ಅದನ್ನು ಮರಳಿ ಪಡೆಯುವ ಪ್ರಯತ್ನವೇ ಆಗಿದೆ.

ಲೆಕ್ಕವನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಒಂದು ಆಕೃತಿ ಎಡತುದಿಯಿಂದ ಬಲತುದಿಗೆ 2 ಸೆಕೆಂಡಿನಲ್ಲಿ ಹಾಯುತ್ತದೆ ಎಂದಿಟ್ಟುಕೊಂಡರೆ ಅದರ ವೇಗ ಸೆಕೆಂಡಿಗೆ 960 ಪಿಕ್ಸೆಲ್. ಪರದೆ ಸೆಕೆಂಡಿಗೆ 60 ಬಾರಿ ಹೊಸ ಚಿತ್ರ ಬರೆಯುವುದಾದರೆ, ಅಂದರೆ ಅದರ ರಿಫ್ರೆಶ್ ದರ 60 ಹರ್ಟ್ಸ್ ಆದರೆ, ಪ್ರತಿ ಫ್ರೇಮೂ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, ಮತ್ತು ಆಕೃತಿಯ ಅಂಚು ಕಣ್ಣಿಗೆ 16 ಪಿಕ್ಸೆಲ್‌ಗಳಷ್ಟು ಹರಡಿ ಕಾಣುತ್ತದೆ. 120 ಹರ್ಟ್ಸ್‌ನಲ್ಲಿ ಈ ಹರಹು 8 ಪಿಕ್ಸೆಲ್‌ಗೆ, 240 ಹರ್ಟ್ಸ್‌ನಲ್ಲಿ 4 ಪಿಕ್ಸೆಲ್‌ಗೆ ಇಳಿಯುತ್ತದೆ, ಆದರೆ ಇದು ಆಟವೂ ಅಷ್ಟೇ ಫ್ರೇಮ್‌ಗಳನ್ನು ಕೊಡುತ್ತಿದ್ದರೆ ಮಾತ್ರ. 2009ರ ಸುಮಾರಿಗೆ 120 ಹರ್ಟ್ಸ್‌ನ ಎಲ್‌ಸಿಡಿ ಮಾನಿಟರುಗಳು ಮಾರುಕಟ್ಟೆಗೆ ಬಂದದ್ದು ಮೂರು ಆಯಾಮದ ಕನ್ನಡಕಗಳಿಗಾಗಿ, ಎರಡು ಕಣ್ಣುಗಳಿಗೂ ಪರ್ಯಾಯವಾಗಿ 60 ಚಿತ್ರಗಳನ್ನು ಒದಗಿಸುವ ಉದ್ದೇಶದಿಂದ. ಕನ್ನಡಕಗಳು ಮೂಲೆ ಸೇರಿದವು, ವೇಗವನ್ನು ಮಾತ್ರ ಆಟಗಾರರು ಬಿಟ್ಟುಕೊಡಲಿಲ್ಲ. ಮುಂದೆ 144, 240, 360 ಹರ್ಟ್ಸ್‌ಗಳು ಬಂದಂತೆ ಪ್ರತಿ ಮೆಟ್ಟಿಲಿನ ಲಾಭ ಕಿರಿದಾಗುತ್ತ ಬಂದಿದೆ: 60ರಿಂದ 144ಕ್ಕೆ ಏರಿದಾಗ ಪ್ರತಿ ಫ್ರೇಮಿನಲ್ಲಿ ಉಳಿಯುವುದು ಸುಮಾರು 9.7 ಮಿಲಿಸೆಕೆಂಡ್, 144ರಿಂದ 240ಕ್ಕೆ 2.8, 240ರಿಂದ 360ಕ್ಕೆ 1.4. ಈ ಕಾರಣದಿಂದ 60 ಹರ್ಟ್ಸ್‌ನ ಪರದೆಯನ್ನು ಬಿಟ್ಟು 144 ಅಥವಾ 165 ಹರ್ಟ್ಸ್‌ಗೆ ಬರುವುದು ಇಡೀ ಆಯ್ಕೆಯಲ್ಲಿ ಹಣಕ್ಕೆ ಅತಿ ಹೆಚ್ಚು ಫಲ ಕೊಡುವ ಒಂದೇ ನಿರ್ಧಾರವೆಂದು ಹೇಳಬಹುದು. ಅದರಾಚೆಯ ವೇಗ ಕೌಂಟರ್-ಸ್ಟ್ರೈಕ್, ವ್ಯಾಲೊರಂಟ್‌ನಂತಹ ಗುರಿಯಾಟಗಳನ್ನು ಸ್ಪರ್ಧೆಗಾಗಿ ಆಡುವವರಿಗೆ ಸಾರ್ಥಕ, ಕಥಾಪ್ರಧಾನ ಆಟಗಳನ್ನು ಆಡುವವರಿಗೆ ಅಷ್ಟಾಗಿ ಅಲ್ಲ.

ಫ್ರೇಮ್ ಬದಲಾಗುವ ದರ ಒಂದು, ಪಿಕ್ಸೆಲ್ ತನ್ನ ಬಣ್ಣ ಬದಲಿಸಲು ತೆಗೆದುಕೊಳ್ಳುವ ಸಮಯ ಇನ್ನೊಂದು. ಎರಡನೆಯದನ್ನು ಪ್ರತಿಕ್ರಿಯಾ ಸಮಯ ಎನ್ನುತ್ತಾರೆ, ಮತ್ತು ಖರೀದಿದಾರರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಅಂಕಿಯೂ ಇದೇ. ಬಹುತೇಕ ಎಲ್ಲ ಗೇಮಿಂಗ್ ಮಾನಿಟರುಗಳ ಮೇಲೂ ‘1 ಮಿಲಿಸೆಕೆಂಡ್’ ಎಂದು ಬರೆದಿರುತ್ತದೆ. ಒಂದು ಬೂದು ಛಾಯೆಯಿಂದ ಇನ್ನೊಂದು ಬೂದು ಛಾಯೆಗೆ ಹೋಗುವ ನೂರಾರು ಸಂಕ್ರಮಣಗಳಲ್ಲಿ ಅತಿ ವೇಗದ ಒಂದನ್ನು ಆರಿಸಿ, ಸ್ಫಟಿಕಗಳನ್ನು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜಿನಿಂದ ತಳ್ಳುವ ಓವರ್‌ಡ್ರೈವ್ ಎಂಬ ಸೌಲಭ್ಯವನ್ನು ಅದರ ತುತ್ತತುದಿಯಲ್ಲಿಟ್ಟು ಅಳೆದ ಫಲಿತಾಂಶ ಅದಾಗಿರಬಹುದು. ಆ ಸ್ಥಿತಿಯಲ್ಲಿ ಆಡಿದರೆ ಪಿಕ್ಸೆಲ್ ಗುರಿ ದಾಟಿ ಹಿಂದಿರುಗುವುದರಿಂದ ಚಲಿಸುವ ವಸ್ತುವಿನ ಬೆನ್ನಿಗೆ ಬೆಳ್ಳನೆಯ ಭೂತಬಿಂಬವೊಂದು ಅಂಟಿಕೊಳ್ಳುತ್ತದೆ. ಮತ್ತೆ ಕೆಲವೊಮ್ಮೆ ಆ ‘1 ಮಿಲಿಸೆಕೆಂಡ್’ ಪ್ರತಿಕ್ರಿಯಾ ಸಮಯವೇ ಆಗಿರುವುದಿಲ್ಲ. ಪರದೆಯ ಹಿಂಬೆಳಕನ್ನು ಪ್ರತಿ ಫ್ರೇಮಿಗೊಮ್ಮೆ ಕ್ಷಣಕಾಲ ಮಾತ್ರ ಬೆಳಗಿಸಿ ಉಳಿದ ಹೊತ್ತು ಆರಿಸುವ ವಿಧಾನದಲ್ಲಿ, ಬಿಂಬ ಕಣ್ಣಿಗೆ ಗೋಚರವಾಗಿರುವ ಅವಧಿಯನ್ನು ಅದು ಸೂಚಿಸುತ್ತದೆ. ಈ ವಿಧಾನ ಹಳೆಯ ಕ್ಯಾಥೋಡ್ ಕಿರಣದ ನಡವಳಿಕೆಯನ್ನು ಅನುಕರಿಸುವುದರಿಂದ ಮಸುಕು ನಿಜವಾಗಿಯೂ ತಗ್ಗುತ್ತದೆ, ಆದರೆ ಪರದೆಯ ಕಾಂತಿಯೂ ಗಣನೀಯವಾಗಿ ಕುಂದುತ್ತದೆ ಮತ್ತು ಮಿಣುಕು ಸಹಿಸದ ಕಣ್ಣುಗಳಿಗೆ ಆಯಾಸವಾಗುತ್ತದೆ. ತಯಾರಕರ ಅಂಕಿಯನ್ನು ನಂಬುವ ಬದಲು ಕೆನಡಾದ ಆರ್‌ಟಿಂಗ್ಸ್, ಬ್ರಿಟನ್ನಿನ ಟಿಎಫ್‌ಟಿ ಸೆಂಟ್ರಲ್‌ನಂತಹ ಪರೀಕ್ಷಕರು ಎಲ್ಲ ಸಂಕ್ರಮಣಗಳನ್ನೂ ಅಳೆದು ಪ್ರಕಟಿಸುವ ಕೋಷ್ಟಕಗಳನ್ನು ನೋಡುವುದೇ ಈ ವಿಷಯದಲ್ಲಿ ಸರಿಯಾದ ದಾರಿ.

ಆ ಕೋಷ್ಟಕಗಳು ಹೇಳುವ ಕಥೆ ಪ್ಯಾನೆಲ್‌ನ ಜಾತಿಯ ಮೇಲೆ ನಿಂತಿದೆ. ಟಿಎನ್ ಎಂಬ ತಿರುಚು ಸ್ಫಟಿಕದ ಬಗೆ 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಕ್ ಅವರ ಕೈಯಲ್ಲಿ ರೂಪುಗೊಂಡಿತು. ವೇಗವಾದದ್ದು, ಅಗ್ಗವಾದದ್ದು, ಆದರೆ ತಲೆಯನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುವ ದೋಷವುಳ್ಳದ್ದು, ಇಂದು ಸಾಮಾನ್ಯ ಖರೀದಿದಾರರು ಪರಿಗಣಿಸಬೇಕಾಗಿಲ್ಲದ್ದು. 1996ರಲ್ಲಿ ಹಿಟಾಚಿ ಕಂಪನಿ ಮಾರುಕಟ್ಟೆಗೆ ತಂದ ಐಪಿಎಸ್ ಬಗೆಯು ಬಣ್ಣ ಮತ್ತು ನೋಟದ ಕೋನಗಳಲ್ಲಿ ಮೊದಲಿನಿಂದಲೂ ಮುಂದಿತ್ತು. ಕಳೆದ ಕೆಲವು ವರ್ಷಗಳಲ್ಲಿ ವೇಗದಲ್ಲೂ ಟಿಎನ್ ಅನ್ನು ಸರಿಗಟ್ಟಿರುವುದರಿಂದ ಮಧ್ಯಮ ಬೆಲೆಯ ಗೇಮಿಂಗ್ ಮಾನಿಟರುಗಳಲ್ಲಿ ಬಹುಪಾಲು ಅದೇ. ಅದರ ದೌರ್ಬಲ್ಯ ಕಪ್ಪು: ಅತಿ ಬಿಳಿ ಮತ್ತು ಅತಿ ಕಪ್ಪಿನ ನಡುವಿನ ಅನುಪಾತ, ಅಂದರೆ ಕಾಂಟ್ರಾಸ್ಟ್, ಸಾಮಾನ್ಯವಾಗಿ 1000ಕ್ಕೆ 1ರಷ್ಟಿರುವುದರಿಂದ ರಾತ್ರಿಯ ಕೋಣೆಯಲ್ಲಿ ಕತ್ತಲ ದೃಶ್ಯಗಳು ಬೂದುಬಣ್ಣಕ್ಕೆ ತಿರುಗುತ್ತವೆ. ವಿಎ ಎಂಬ ಮೂರನೆಯ ಬಗೆಯಲ್ಲಿ ಈ ಅನುಪಾತ 3000 ಅಥವಾ ಅದಕ್ಕೂ ಹೆಚ್ಚು, ಕಪ್ಪು ನಿಜವಾಗಿಯೂ ಕಪ್ಪು. ಆದರೆ ಕಡುಕಪ್ಪಿನಿಂದ ತುಸು ತಿಳಿಯಾದ ಛಾಯೆಗೆ ಏಳಲು ಅಗ್ಗದ ವಿಎ ಪರದೆಗಳು ಹತ್ತಾರು ಮಿಲಿಸೆಕೆಂಡ್ ತೆಗೆದುಕೊಳ್ಳುವುದುಂಟು, ಆಗ ಕತ್ತಲ ಓಣಿಯಲ್ಲಿ ಓಡುವ ಪಾತ್ರದ ಹಿಂದೆ ಮಸಿ ಎಳೆದಂತಹ ಕಪ್ಪು ಜಾಡು ಉಳಿಯುತ್ತದೆ. ಯಾವ ಕತ್ತಲಿಗಾಗಿ ವಿಎ ಪರದೆಯನ್ನು ಕೊಳ್ಳಲಾಯಿತೋ ಅದೇ ಕತ್ತಲಲ್ಲಿ ಅದು ಸೋಲುತ್ತದೆ.

ರಿಫ್ರೆಶ್ ದರದಷ್ಟೇ ಮುಖ್ಯವಾದರೂ ಜಾಹೀರಾತುಗಳಲ್ಲಿ ಅಷ್ಟು ಎದ್ದು ಕಾಣದ ಗುಣವೆಂದರೆ ಆ ದರ ಬದಲಾಗಬಲ್ಲದೇ ಎಂಬುದು. ಗ್ರಾಫಿಕ್ಸ್ ಕಾರ್ಡ್ ಫ್ರೇಮ್‌ಗಳನ್ನು ಏರುಪೇರಾದ ಅಂತರದಲ್ಲಿ ಮುಗಿಸುತ್ತದೆ, ಪರದೆ ಗಡಿಯಾರದಂತೆ ಸಮಾನ ಅಂತರದಲ್ಲಿ ಚಿತ್ರ ಬರೆಯುತ್ತದೆ. ಎರಡಕ್ಕೂ ತಾಳ ಕೂಡದಿದ್ದಾಗ ಪರದೆಯ ಮೇಲರ್ಧದಲ್ಲಿ ಒಂದು ಫ್ರೇಮ್, ಕೆಳಗರ್ಧದಲ್ಲಿ ಮತ್ತೊಂದು ಕಾಣಿಸಿ ಚಿತ್ರ ಅಡ್ಡಲಾಗಿ ಹರಿದಂತಾಗುತ್ತದೆ. ಚಿತ್ರ ಹೀಗೆ ಹರಿಯುವುದನ್ನು ತಪ್ಪಿಸಲು ಕಾರ್ಡನ್ನೇ ಪರದೆಗಾಗಿ ಕಾಯಿಸುವ ವಿ-ಸಿಂಕ್ ಎಂಬ ಹಳೆಯ ಉಪಾಯದಲ್ಲಿ 60 ಹರ್ಟ್ಸ್ ಪರದೆಯ ಮೇಲೆ 17 ಮಿಲಿಸೆಕೆಂಡ್ ಹಿಡಿದ ಫ್ರೇಮ್, ಕೂದಲೆಳೆಯಷ್ಟು ತಡವಾದ ತಪ್ಪಿಗೆ, 33.3ನೇ ಮಿಲಿಸೆಕೆಂಡಿನವರೆಗೆ ಕಾಯಬೇಕಾಗುತ್ತದೆ; ಕೈಗೆ ತಡೆತಡೆದು ಬರುವ ಅನುಭವದ ಮೂಲ ಇದು. 2013ರ ಅಕ್ಟೋಬರಿನಲ್ಲಿ ಕಾರ್ಡ್ ತಯಾರಕ ಎನ್‌ವಿಡಿಯಾ ಪ್ರಕಟಿಸಿದ ಜಿ-ಸಿಂಕ್ ಈ ಸಂಬಂಧವನ್ನೇ ತಿರುಗಿಸಿ, ಪರದೆಯೇ ಕಾರ್ಡಿಗಾಗಿ ಕಾಯುವಂತೆ ಮಾಡಿತು. ಆದರೆ ಅದಕ್ಕೆ ಮಾನಿಟರಿನೊಳಗೆ ಪ್ರತ್ಯೇಕ ಬಿಡಿಭಾಗ ಬೇಕಾಗಿ ಬೆಲೆ ಏರಿತು. 2014ರಲ್ಲಿ ವೇಸಾ ಎಂಬ ಮಾನಕ ಸಂಸ್ಥೆ ಇದೇ ಗುಣವನ್ನು ಡಿಸ್‌ಪ್ಲೇಪೋರ್ಟ್‌ನ ಮುಕ್ತ ಮಾನಕದಲ್ಲಿ ಸೇರಿಸಿತು, ಮತ್ತೊಂದು ಕಾರ್ಡ್ ತಯಾರಕ ಕಂಪನಿ ಎಎಂಡಿ ಅದನ್ನು ಫ್ರೀಸಿಂಕ್ ಎಂಬ ಹೆಸರಿನಲ್ಲಿ ಬಳಕೆಗೆ ತಂದಿತು, ಮತ್ತು 2019ರ ಜನವರಿಯಲ್ಲಿ ಎನ್‌ವಿಡಿಯಾ ತನ್ನ ಕಾರ್ಡುಗಳೂ ಅಂತಹ ಮಾನಿಟರುಗಳೊಂದಿಗೆ ಕೆಲಸ ಮಾಡುವಂತೆ ಬಾಗಿಲು ತೆರೆದ ಮೇಲೆ ಈ ಸೌಲಭ್ಯ ಸಾಮಾನ್ಯರ ಕೈಗೆ ಎಟುಕಿತು. ಇಲ್ಲಿಯೂ ಗಮನಿಸಬೇಕಾದದ್ದು ಹೆಸರನ್ನಲ್ಲ, ವ್ಯಾಪ್ತಿಯನ್ನು. 48ರಿಂದ 144 ಹರ್ಟ್ಸ್ ವ್ಯಾಪ್ತಿಯ ಪರದೆಯಲ್ಲಿ ಆಟ 40 ಫ್ರೇಮ್‌ಗಳಿಗೆ ಕುಸಿದರೆ ಪ್ರತಿ ಫ್ರೇಮನ್ನೂ ಎರಡೆರಡು ಬಾರಿ ತೋರಿಸಿ 80 ಹರ್ಟ್ಸ್‌ನಲ್ಲಿ ಸಾಗಬಹುದು. 48ರಿಂದ 75ರ ವ್ಯಾಪ್ತಿಯಲ್ಲಿ 80ಕ್ಕೆ ಜಾಗವೇ ಇಲ್ಲವಾದ್ದರಿಂದ, ದುರ್ಬಲ ಕಾರ್ಡ್ ಉಳ್ಳವರಿಗೆ ಅತ್ಯಗತ್ಯವಾದ ಗಳಿಗೆಯಲ್ಲೇ ಸೌಲಭ್ಯ ಕೈಬಿಡುತ್ತದೆ.

ಪಿಕ್ಸೆಲ್‌ಗಳ ಸಂಖ್ಯೆಯ ವಿಚಾರಕ್ಕೆ ಬಂದರೆ, 1080ಪಿ ಎಂದು ಕರೆಯುವ 1920 × 1080 ಪರದೆಯಲ್ಲಿ ಸುಮಾರು 20.7 ಲಕ್ಷ, 1440ಪಿ ಎಂಬ 2560 × 1440ರಲ್ಲಿ 36.9 ಲಕ್ಷ, 4ಕೆ ಎಂಬ 3840 × 2160ರಲ್ಲಿ 82.9 ಲಕ್ಷ ಬಿಂದುಗಳಿವೆ. ಗ್ರಾಫಿಕ್ಸ್ ಕಾರ್ಡ್ ಈ ಪ್ರತಿಯೊಂದು ಬಿಂದುವಿಗೂ ಬಣ್ಣ ಲೆಕ್ಕಹಾಕಬೇಕಾದ್ದರಿಂದ, ಮಾನಿಟರ್‌ನ ಬೆಲೆ ಅಂಗಡಿಯಲ್ಲಿ ಕೊಟ್ಟ ಹಣಕ್ಕೆ ಮುಗಿಯುವುದಿಲ್ಲ. 4ಕೆ ಪರದೆ ಕೊಂಡವರು ಮುಂದಿನ ಹಲವು ವರ್ಷ ಕಾರ್ಡುಗಳ ಮೂಲಕ ಅದರ ಕಂತು ಕಟ್ಟುತ್ತಿರುತ್ತಾರೆ. ಕಡಿಮೆ ಪಿಕ್ಸೆಲ್‌ಗಳಲ್ಲಿ ಚಿತ್ರ ರಚಿಸಿ ದೊಡ್ಡದು ಮಾಡುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತಂತ್ರಗಳು ಈ ಭಾರವನ್ನು ತಗ್ಗಿಸಿವೆ. ಆದರೆ ಎರಡು ನೈಜ ಫ್ರೇಮ್‌ಗಳ ನಡುವೆ ಕಲ್ಪಿತ ಫ್ರೇಮನ್ನು ಸೇರಿಸುವ ತಂತ್ರವನ್ನು ಇದರೊಂದಿಗೆ ಬೆರೆಸಬಾರದು. ಅದು ಚಲನೆಯನ್ನು ನುಣುಪಾಗಿಸುತ್ತದೆಯೇ ಹೊರತು ಕೈಗೂ ಕಣ್ಣಿಗೂ ನಡುವಿನ ವಿಳಂಬವನ್ನು ಕಡಿಮೆ ಮಾಡುವುದಿಲ್ಲ. 27 ಇಂಚಿನ 1440ಪಿ ಪರದೆಯಲ್ಲಿ ಇಂಚಿಗೆ ಸುಮಾರು 109 ಪಿಕ್ಸೆಲ್ ಸಿಗುತ್ತವೆ, 24 ಇಂಚಿನ 1080ಪಿಯಲ್ಲಿ 92. 27 ಇಂಚಿಗೆ ಹಿಗ್ಗಿಸಿದ 1080ಪಿಯಲ್ಲಿ ಬರೀ 82. ಕನ್ನಡ ಓದುವವರಿಗೆ ಈ ಅಂಕಿ ಇನ್ನೊಂದು ಕಾರಣಕ್ಕೂ ಮುಖ್ಯ. ಆಡುವ ಪರದೆಯೇ ಬಹುತೇಕ ಮನೆಗಳಲ್ಲಿ ಓದುವ, ಬರೆಯುವ ಪರದೆಯೂ ಆಗಿರುತ್ತದೆ. ‘ಪ’ ಮತ್ತು ‘ಫ’, ‘ಬ’ ಮತ್ತು ‘ಭ’ಗಳ ನಡುವಿನ ಭೇದ ಒಂದು ಕಿರುಗೆರೆಯಷ್ಟು, ಒತ್ತಕ್ಷರಗಳಾದರೋ ಸಾಲಿನ ಕೆಳಗೆ ಇನ್ನೂ ಸಣ್ಣದಾಗಿ ಕುಳಿತಿರುತ್ತವೆ. ರೋಮನ್ ಲಿಪಿ ಸಲೀಸಾಗಿ ಓದಿಸಿಕೊಳ್ಳುವ ಒರಟು ಪರದೆಯಲ್ಲಿ ಅದೇ ಗಾತ್ರದ ಕನ್ನಡ ಲಿಪಿ ಕಲೆಸಿಹೋಗುತ್ತದೆ. ಬಹುಪಾಲು ಆಟಗಾರರಿಗೆ 27 ಇಂಚಿನ 1440ಪಿ ಸಮತೋಲದ ಆಯ್ಕೆ ಎಂಬ ಅಭಿಪ್ರಾಯಕ್ಕೆ ಇದು ಹೆಚ್ಚಿನ ಬಲ ಕೊಡುತ್ತದೆ.

ಇಷ್ಟರವರೆಗಿನ ಹಲವು ತಕರಾರುಗಳನ್ನು ಒಮ್ಮೆಗೇ ಬಗೆಹರಿಸಿದಂತೆ ಕಾಣುವುದು ಓಎಲ್‌ಇಡಿ. 1987ರಲ್ಲಿ ಈಸ್ಟ್‌ಮನ್ ಕೊಡ್ಯಾಕ್‌ನ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಪ್ರಕಟಿಸಿದ ಸಂಶೋಧನೆಯಿಂದ ಬೆಳೆದ ಈ ಪರದೆಗಳಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ಆದ್ದರಿಂದ ಕಪ್ಪು ಎಂದರೆ ಆರಿದ ಪಿಕ್ಸೆಲ್. ಬಣ್ಣದ ಬದಲಾವಣೆಯೂ ಮಿಲಿಸೆಕೆಂಡಿನ ಅಲ್ಪಭಾಗದಲ್ಲಿ ಮುಗಿಯುತ್ತದೆ. 2022ರಲ್ಲಿ ಏಲಿಯನ್‌ವೇರ್‌ನ 34 ಇಂಚಿನ ಮಾನಿಟರ್‌ನೊಂದಿಗೆ ಮೇಜಿಗೆ ಬಂದ ಕ್ಯೂಡಿ-ಓಎಲ್‌ಇಡಿ ಬಗೆ, 2024ರ ಹೊತ್ತಿಗೆ 32 ಇಂಚು, 4ಕೆ, 240 ಹರ್ಟ್ಸ್‌ನ ರೂಪ ತಳೆದಿತ್ತು. ಚಲನೆಯ ಸ್ಪಷ್ಟತೆಯಲ್ಲಿ ಸಮಾನ ದರದ ಯಾವ ಎಲ್‌ಸಿಡಿಯೂ ಇದಕ್ಕೆ ಸಾಟಿಯಲ್ಲ. ಹಾಗೆಂದು ಇದು ಎಲ್ಲರ ಪರದೆಯಲ್ಲ. ಪರದೆ ತುಂಬ ಬಿಳಿ ಇದ್ದಾಗ ಕಾಂತಿ ಸುಮಾರು 250 ನಿಟ್‌ಗಳಿಗೆ ಇಳಿಯುತ್ತದೆ (ನಿಟ್ ಎಂದರೆ ಒಂದು ಚದರ ಮೀಟರ್ ಮೇಲ್ಮೈಯಿಂದ ಹೊಮ್ಮುವ ಬೆಳಕಿನ ಅಳತೆ). ಕೆಂಪು, ಹಸಿರು, ನೀಲಿ ಉಪಪಿಕ್ಸೆಲ್‌ಗಳ ಜೋಡಣೆ ಎಲ್‌ಸಿಡಿಯಂತೆ ನೇರ ಪಟ್ಟಿಯಲ್ಲಿ ಇರದ ಕಾರಣ ಅಕ್ಷರಗಳ ಅಂಚಿಗೆ ಬಣ್ಣದ ಜರಿ ಕಾಣಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬೆಳಗುವ ಸಾವಯವ ಪದಾರ್ಥ ಬಳಸಿದಷ್ಟೂ ಸವೆಯುವುದರಿಂದ, ದಿನವಿಡೀ ಒಂದೇ ಜಾಗದಲ್ಲಿ ನಿಲ್ಲುವ ಟಾಸ್ಕ್‌ಬಾರ್, ಆಟದ ಮೂಲೆಯ ನಕ್ಷೆ ಮುಂತಾದವುಗಳ ಮಚ್ಚೆ ಕಾಲಕ್ರಮದಲ್ಲಿ ಪರದೆಯ ಮೇಲೆ ಕಾಯಂ ಆಗಿ ಉಳಿಯಬಹುದು. ಸಂಜೆ ಮಾತ್ರ ಆಡಲು ಬಳಸುವವರಿಗೆ ಈ ಅಪಾಯ ಚಿಕ್ಕದು. ಮನೆಯಿಂದಲೇ ಕೆಲಸ ಮಾಡುತ್ತ ಎಂಟು ಗಂಟೆ ಕೋಷ್ಟಕಗಳನ್ನೋ ಕೋಡನ್ನೋ ತೆರೆದಿಡುವ ಬೆಂಗಳೂರಿನ ಉದ್ಯೋಗಿಗಳಿಗೆ ಅದು ಗಂಭೀರವಾದದ್ದು. ಕೋಣೆಯ ಬೆಳಕೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಆರಂಭದ ಕ್ಯೂಡಿ-ಓಎಲ್‌ಇಡಿ ಪರದೆಗಳಲ್ಲಿ ಹೊರಬೆಳಕನ್ನು ಹೀರುವ ಧ್ರುವೀಕರಣ ಪದರ ಇಲ್ಲದ್ದರಿಂದ, ಹಗಲಿನಲ್ಲಿ ಕಿಟಕಿ ತೆರೆದಿಟ್ಟ ಕೋಣೆಯಲ್ಲಿ ಅವುಗಳ ಹೆಸರಾಂತ ಕಪ್ಪು ನಸುನೇರಳೆಯ ಬೂದಿಗೆ ತಿರುಗುತ್ತದೆ.

ಎಚ್‌ಡಿಆರ್, ಅಂದರೆ ಬೆಳಕು ಕತ್ತಲೆಗಳ ವಿಸ್ತಾರವನ್ನು ಹೆಚ್ಚಿಸಿ ತೋರಿಸುವ ವಿಧಾನ, ಪೆಟ್ಟಿಗೆಯ ಮೇಲೆ ಅತಿ ಸುಲಭವಾಗಿ ಬೀಳುವ ಮುದ್ರೆ. ವೇಸಾ 2017ರ ಡಿಸೆಂಬರಿನಲ್ಲಿ ಆರಂಭಿಸಿದ ಶ್ರೇಣಿಯಲ್ಲಿ ಕೆಳಗಿನದಾದ ಡಿಸ್‌ಪ್ಲೇಎಚ್‌ಡಿಆರ್ 400, ಹಿಂಬೆಳಕನ್ನು ವಲಯ ವಲಯವಾಗಿ ಮಂಕಾಗಿಸುವ ಸಾಮರ್ಥ್ಯವನ್ನೇ ಕೇಳುವುದಿಲ್ಲ. ಸಾಮಾನ್ಯ ಐಪಿಎಸ್ ಪರದೆಯಲ್ಲಿ ಬಿಳಿಯನ್ನು ಹೆಚ್ಚಿಸಿದಾಗ ಕಪ್ಪೂ ಅದರೊಂದಿಗೇ ಬೆಳ್ಳಗಾಗುವುದರಿಂದ ಆ ಮುದ್ರೆಗೆ ಹೆಚ್ಚಿನ ಹಣ ಕೊಡುವುದು ವ್ಯರ್ಥ. ಓಎಲ್‌ಇಡಿ ಬೇಡವೆನ್ನುವವರಿಗೆ ನಿಜವಾದ ಎಚ್‌ಡಿಆರ್ ಸಿಗುವುದು ಮಿನಿ-ಎಲ್‌ಇಡಿ ಹಿಂಬೆಳಕಿನ ಪರದೆಗಳಲ್ಲಿ. ಅಲ್ಲಿಯೂ 1152 ವಲಯಗಳ 4ಕೆ ಪರದೆಯಲ್ಲಿ ಒಂದೊಂದು ವಲಯ 7200 ಪಿಕ್ಸೆಲ್‌ಗಳನ್ನು ಆಳುತ್ತದೆ, ಆದಕಾರಣ ಕಪ್ಪು ಆಕಾಶದ ಒಂಟಿ ನಕ್ಷತ್ರದ ಸುತ್ತ ಮಂದಪ್ರಭೆ ಹರಡುವುದನ್ನು ಪೂರ್ತಿ ತಪ್ಪಿಸಲಾಗದು.

ಪರದೆಗೆ ಚಿತ್ರ ತಲುಪಿಸುವ ತಂತಿಯ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. 4ಕೆ ಚಿತ್ರವನ್ನು ಬಣ್ಣಕ್ಕೆ 10 ಬಿಟ್‌ಗಳಂತೆ 144 ಹರ್ಟ್ಸ್‌ನಲ್ಲಿ ಕಳುಹಿಸಲು ಸೆಕೆಂಡಿಗೆ 35 ಗಿಗಾಬಿಟ್‌ಗೂ ಮಿಕ್ಕಿ ಬೇಕು; ಡಿಸ್‌ಪ್ಲೇಪೋರ್ಟ್ 1.4 ಹೊರಬಲ್ಲದ್ದು ಸುಮಾರು 26. 2018ರಲ್ಲಿ ಬಂದ ಮೊದಲ 4ಕೆ 144 ಹರ್ಟ್ಸ್ ಮಾನಿಟರುಗಳು ಪೂರ್ಣ ವೇಗಕ್ಕೆ ಬಣ್ಣದ ಮಾಹಿತಿಯನ್ನೇ ಕತ್ತರಿಸಬೇಕಾಗಿತ್ತು, ಈಗ ಡಿಎಸ್‌ಸಿ ಎಂಬ ಸಂಕೋಚನ ವಿಧಾನ ಆ ಕೊರತೆಯನ್ನು ಕಣ್ಣಿಗೆ ಕಾಣದಂತೆ ನೀಗಿಸಿದೆ. ಸೋನಿಯ ಪಿಎಸ್5, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇಟ್ಟುಕೊಂಡವರು ಎಚ್‌ಡಿಎಂಐ ಕಿಂಡಿಯನ್ನೇ ಅವಲಂಬಿಸಬೇಕು, ಮತ್ತು ಇವೆರಡೂ 120 ಹರ್ಟ್ಸ್ ಮೀರುವುದಿಲ್ಲವಾದ್ದರಿಂದ ಕನ್ಸೋಲಿಗಷ್ಟೇ ಮಾನಿಟರ್ ಕೊಳ್ಳುವವರು 240 ಹರ್ಟ್ಸ್‌ಗೆ ಹಣ ಹಾಕಬೇಕಾಗಿಲ್ಲ; ಅಗಲಪಟ್ಟಿಯ 21:9 ಪರದೆಯನ್ನು ಪಿಎಸ್5 ತುಂಬಿಸುವುದೂ ಇಲ್ಲ. ‘ಎಚ್‌ಡಿಎಂಐ 2.1’ ಎಂಬ ಬರಹವೊಂದೇ ಸಾಲದು: ಆ ಮಾನಕದ ಹೊಸ ಸೌಲಭ್ಯಗಳೆಲ್ಲ ಐಚ್ಛಿಕವಾಗಿರುವುದರಿಂದ, ಹಳೆಯ 18 ಗಿಗಾಬಿಟ್ ವೇಗದ ಕಿಂಡಿಗೂ ಅದೇ ಹೆಸರು ಹಚ್ಚಲು ನಿಯಮದ ಅಡ್ಡಿಯಿಲ್ಲ. ಕೇಳಬೇಕಾದದ್ದು ಗಿಗಾಬಿಟ್‌ಗಳ ಅಂಕಿಯನ್ನು.

ಭಾರತದಲ್ಲಿ 32 ಇಂಚು ಮೀರಿದ ಮಾನಿಟರುಗಳಿಗೆ ಬಹುಕಾಲ ಶೇ 28ರಷ್ಟು ಜಿಎಸ್‌ಟಿ ಇದ್ದು, ಅದಕ್ಕಿಂತ ಚಿಕ್ಕವಕ್ಕೆ ಶೇ 18 ಇತ್ತು. 34 ಇಂಚಿನ ಅಗಲಪಟ್ಟಿ ಪರದೆಗಳು ಇಲ್ಲಿ ದುಬಾರಿಯಾಗಿದ್ದುದಕ್ಕೆ ಇದೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ಎಲ್ಲ ಗಾತ್ರಗಳಿಗೂ ಶೇ 18 ಅನ್ವಯವಾಗಿರುವುದರಿಂದ ಹಳೆಯ ಸಲಹೆಗಳ ಬೆಲೆ ಹೋಲಿಕೆಗಳನ್ನು ಹಾಗೆಯೇ ನಂಬುವಂತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಲ್ಲಿ ಪರದೆಯನ್ನು ಕಣ್ಣಾರೆ ನೋಡಿ ಕೊಳ್ಳುವ ಅನುಕೂಲ ದೊಡ್ಡದು, ಆದರೆ ಅಂಗಡಿಯ ಪ್ರಖರ ದೀಪದ ಕೆಳಗೆ ನಿಧಾನವಾಗಿ ತೇಲುವ ಪ್ರದರ್ಶನ ದೃಶ್ಯಗಳು ಬಣ್ಣವನ್ನಷ್ಟೇ ಹೇಳುತ್ತವೆ, ಚಲನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬ್ಲರ್ ಬಸ್ಟರ್ಸ್ ಎಂಬ ಜಾಲತಾಣ ರೂಪಿಸಿದ, ಹಾರುವ ತಟ್ಟೆಯೊಂದು ಪರದೆಯ ಅಡ್ಡಕ್ಕೆ ಸಾಗುವ ಉಚಿತ ಪರೀಕ್ಷೆಯನ್ನು ಅಲ್ಲಿಯೇ ಓಡಿಸಿ ತೋರಿಸುವಂತೆ ಕೇಳುವುದು ಖರೀದಿದಾರರ ಹಕ್ಕೇ ಸರಿ. ಓಎಲ್‌ಇಡಿಯಾದರೆ ಮಚ್ಚೆ ಬೀಳುವ ದೋಷ ಭಾರತದ ವಾರಂಟಿಯಲ್ಲಿ ಸೇರಿದೆಯೇ ಎಂಬುದನ್ನು ಬರಹದಲ್ಲೇ ಓದಿಕೊಳ್ಳಬೇಕು. ಮನೆಗೆ ತಂದ ಮೇಲೆ ಪೂರ್ತಿ ಕಪ್ಪು, ಪೂರ್ತಿ ಬಿಳಿ ಹಾಗೂ ಮೂರು ಮೂಲವರ್ಣಗಳನ್ನು ಒಂದೊಂದಾಗಿ ಪರದೆ ತುಂಬ ಹರಡಿ ಸತ್ತ ಪಿಕ್ಸೆಲ್‌ಗಳನ್ನು ಹುಡುಕುವ ಕೆಲಸವನ್ನು ಮರಳಿಸುವ ಅವಧಿ ಮುಗಿಯುವ ಮೊದಲೇ ಮಾಡಿಕೊಳ್ಳಬೇಕು. ಓವರ್‌ಡ್ರೈವನ್ನು ನಡುವಿನ ಹಂತದಲ್ಲಿಟ್ಟು ಭೂತಬಿಂಬವನ್ನು ಗಮನಿಸಬೇಕು. ಹೊಸ ಮಾನಿಟರನ್ನು ವಿಂಡೋಸ್ ಎಷ್ಟೋ ಸಲ 60 ಹರ್ಟ್ಸ್‌ನಲ್ಲೇ ಓಡಿಸುತ್ತಿರುತ್ತದೆ, ಕೊಂಡವರು ತಿಂಗಳುಗಟ್ಟಲೆ ಅದನ್ನು ಗಮನಿಸದೆ ಆಡುತ್ತಿರುತ್ತಾರೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಸುಧಾರಿತ ವಿಭಾಗಕ್ಕೆ ಹೋಗಿ ರಿಫ್ರೆಶ್ ದರವನ್ನು ಪರದೆಯ ಗರಿಷ್ಠ ಮಟ್ಟಕ್ಕೆ ಏರಿಸಿ, ಆಟದ ಒಳಗಿನ ಆಯ್ಕೆಗಳಲ್ಲೂ ಅದೇ ಅಂಕಿ ಇದೆಯೇ ಎಂದು ನೋಡಿಕೊಂಡ ಮೇಲೆಯೇ ಪರದೆಯ ಗುಣದೋಷಗಳ ಪರೀಕ್ಷೆಯನ್ನು ಆರಂಭಿಸಬೇಕು.